ಪದವೀಧರರ ಉದ್ಯಮವೂ ವಿದ್ಯಾಲಯದ ಹೊಣೆಯೂ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಏಳುಬೀಳುಗಳುಂಟು. "ಉದ್ಯೋಗ" ಎಂಬ ಮಾತನ್ನೇ ತೆಗೆದುಕೊಳ್ಳೋಣ. ಮಹಾಭಾರತದ ಐದನೆಯ ಪರ್ವಕ್ಕೆ ಉದ್ಯೋಗಪರ್ವವೆಂದು ಹೆಸರಷ್ಟೆ. ಅಲ್ಲಿ ಯಾರೂ ಅರ್ಜಿ ಬರೆಯುವುದಿಲ್ಲ. ಯಾರಿಗೂ ಸಂಬಳ ಗೊತ್ತಾಗುವುದಿಲ್ಲ. ಯತ್ನ, ಸನ್ನಾಹ, ಕುಳಿತವನು ಎದ್ದು ನಿಲ್ಲುವುದು, ಇವೇ ಅಲ್ಲಿ ಆ ಮಾತಿನ ಅರ್ಥ. ಉದ್ಯೋಗವು ಪುರುಷಲಕ್ಷಣವೆಂದು ಹಿರಿಯರು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದೂ ಇದೇ. ಈಗ ಹಾಸನದಲ್ಲಿಯೋ ಹೊಳೆನರಸೀಪುರದಲ್ಲಿಯೋ ಒಬ್ಬರ ಮನೆಯ ಜಗಲಿಯಲ್ಲಿ ಕುಳಿತು, "ನಿಮ್ಮ ಮಗನಿಗೆ ಉದ್ಯೋಗವಾಯಿತೆ? ಮಗಳಿಗೆ ಆಯಿತೆ?" ಎಂದು ಕೇಳಿದರೆ, ಯಾರಾದರೂ ಅವರಿಗೆ ತಿಂಗಳು ತಿಂಗಳಿಗೆ ಹಣ ಕೊಡಲು ಒಪ್ಪಿಕೊಂಡರೇ ಎಂದಷ್ಟೇ ಅರ್ಥ. ತಾನಾಗಿಯೇ ಒಂದು ಕೆಲಸವನ್ನು ಹೂಡಿ, ನಾಲ್ಕು ಮಂದಿಗೆ ಕೂಲಿ ಕೊಡುತ್ತಿರುವ ಹುಡುಗನನ್ನು ಕುರಿತು ತಾಯಿತಂದೆಗಳು ದನಿ ತಗ್ಗಿಸಿ, "ಇನ್ನೂ ಉದ್ಯೋಗವಾಗಿಲ್ಲ, ಸದ್ಯಕ್ಕೆ ಏನೋ ಮಾಡಿಕೊಂಡಿದ್ದಾನೆ" ಎನ್ನುತ್ತಾರೆ.

ಆ ಹಳೆಯ ಅರ್ಥವನ್ನು ಮರಳಿ ತರುವ ಪ್ರಯತ್ನವೊಂದು ಈಚಿನ ವರ್ಷಗಳಲ್ಲಿ ನಡೆದಿದೆ. 2015ರಲ್ಲಿ ಕರ್ನಾಟಕ ಸರ್ಕಾರವು ನವೋದ್ಯಮಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಅದೇ ಬಗೆಯ ಯೋಜನೆಯನ್ನು ದೇಶಕ್ಕೆಲ್ಲ ಸಾರಿತು. ಅಂದಿನಿಂದ ವಿದ್ಯಾಲಯಗಳಲ್ಲಿ ಇದೊಂದು ಹೊಸ ಗಾಳಿ. ನಮ್ಮ ಜಿಲ್ಲೆಯೇನೂ ವಿದ್ಯೆಗೆ ಬಡವಾದುದಲ್ಲ. ಹಾಸನದಲ್ಲಿ 1960ರಲ್ಲಿ ಸ್ಥಾಪಿತವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಪಶುವೈದ್ಯ ಕಾಲೇಜಿದೆ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದ ಹೇಮಗಂಗೋತ್ರಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕೂಡ ಒಂದು ಇಂಜಿನಿಯರಿಂಗ್ ಕಾಲೇಜುಂಟು. ಇಂದು ಇಂತಹ ಯಾವ ವಿದ್ಯಾಲಯದ ವಾರ್ಷಿಕೋತ್ಸವಕ್ಕೆ ಹೋದರೂ ವೇದಿಕೆಯ ಮೇಲೆ ಪಂಡಿತರ ಪಕ್ಕದಲ್ಲಿ ಒಬ್ಬ ಉದ್ಯಮಪತಿಗೆ ಕುರ್ಚಿ ಹಾಕಿರುತ್ತಾರೆ. ಆತನು ಎದ್ದು, "ಕೆಲಸವನ್ನು ಬೇಡುವವರಾಗಬೇಡಿ, ಕೊಡುವವರಾಗಿ" ಎನ್ನುತ್ತಾನೆ. ಚಪ್ಪಾಳೆಯಾಗುತ್ತದೆ. ನಾನೂ ತಟ್ಟಿದ್ದೇನೆ.

ಮನೆಗೆ ಬಂದ ಮೇಲೆ ಮನಸ್ಸಿಗೆ ಒಂದು ಸಂಶಯ ಹುಟ್ಟುತ್ತದೆ. ಇಪ್ಪತ್ತೊಂದು ವರ್ಷದ ಹುಡುಗನಿಗೆ, ಗುರುವಿನ ಸ್ಥಾನದಲ್ಲಿ ನಿಂತು, "ನೀನು ಹಾರು" ಎಂದು ಹೇಳುವ ಹಕ್ಕು ಯಾರಿಗೆ ಉಂಟು? ಹಾರಿದವನು ಬಿದ್ದರೆ ಆ ಪೆಟ್ಟಿನಲ್ಲಿ ಹೇಳಿದವರ ಪಾಲೆಷ್ಟು? ವಿದ್ಯಾಲಯವೂ ವರ್ತಕರೂ ಕೈಗೂಡಿಸುವುದು ಒಳ್ಳೆಯದೇ ಕೆಟ್ಟದ್ದೇ ಎಂದು ಚರ್ಚಿಸುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನನಗಾದರೋ ಇದೇ ಮುಖ್ಯವಾದುದೆಂದು ತೋರುತ್ತದೆ.

ಸಾಹಿತ್ಯದ ಮಾಸಪತ್ರಿಕೆಯೊಂದರಲ್ಲಿ ವ್ಯಾಪಾರದ ಮಾತೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ನಮ್ಮ ಚರಿತ್ರೆಯೇ ಉತ್ತರ ಹೇಳುತ್ತದೆ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜವು ಹುಟ್ಟಿತು. ಅದರ ಬೆನ್ನೆಲುಬಾಗಿದ್ದವರು ವಿಶ್ವೇಶ್ವರಯ್ಯನವರು. ಮರುವರ್ಷ ಅವರೇ ದಿವಾನರಾದರು. ಆ ಸಮಾಜದಲ್ಲಿ ವ್ಯವಸಾಯಕ್ಕೆ ಒಂದು, ಕೈಗಾರಿಕೆ ವಾಣಿಜ್ಯಗಳಿಗೆ ಒಂದು, ವಿದ್ಯೆಗೆ ಒಂದು, ಹೀಗೆ ಮೂರು ಸಮಿತಿಗಳಿದ್ದುವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದುದು ಈ ಸಮಾಜದ ಆಶ್ರಯದಲ್ಲಿಯೇ. ಕಬ್ಬಿಣವನ್ನೂ ರೇಷ್ಮೆಯನ್ನೂ ಕುರಿತು ಯೋಚಿಸಿದ ಮಂದಿಯೇ ವ್ಯಾಕರಣವನ್ನೂ ನಿಘಂಟನ್ನೂ ಕುರಿತು ಯೋಚಿಸಿದರು. ಆದಕಾರಣ ನಾವು ಇಲ್ಲಿ ಹೊಟ್ಟೆಪಾಡಿನ ಮಾತನ್ನಾಡಿದರೆ ಪರರ ಮನೆಗೆ ನುಗ್ಗಿದಂತಾಗಲಿಲ್ಲ.

ವಿದ್ಯಾಲಯದ ವಿದ್ಯೆಯೂ ವ್ಯಾಪಾರವೂ ಕೂಡಿದುದಕ್ಕೆ ನಮ್ಮ ನಾಡಿನಲ್ಲಿ ಎಲ್ಲರೂ ಎತ್ತಿ ಹೇಳುವ ದೃಷ್ಟಾಂತ ಶ್ರೀಗಂಧದ ಎಣ್ಣೆಯದು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನಂತೆ. ಆ ಬಳಿಕ ಅದು ಸರ್ಕಾರದ ಸೊತ್ತಾಗಿಯೇ ನಡೆದುಬಂತು. ಮರವನ್ನು ಕಡಿದು, ಹರಾಜು ಹಾಕಿ, ಹಡಗಿಗೆ ತುಂಬುವವರೆಗೆ ಮಾತ್ರ ನಮ್ಮ ಕೆಲಸ. ಎಣ್ಣೆಯನ್ನು ತೆಗೆಯುವ ಜಾಣತನವೂ ಅದರ ಲಾಭವೂ ಯೂರೋಪಿನವರದು, ಅದರಲ್ಲಿಯೂ ಜರ್ಮನರದು. 1914ರಲ್ಲಿ ಯುದ್ಧ ಬಂದು ಹಡಗುಗಳು ನಿಂತುಹೋದುವು. ಮರ ಉಗ್ರಾಣದಲ್ಲಿ ರಾಶಿ ಬಿತ್ತು. ಆಗ ಸಂಸ್ಥಾನದ ಕೈಗಾರಿಕೆಯ ಅಧಿಕಾರಿಯಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬಾತನು ಬೆಂಗಳೂರಿನ ವಿಜ್ಞಾನ ಮಂದಿರದ ಬಾಗಿಲನ್ನು ತಟ್ಟಿದನು. ಅಲ್ಲಿನ ರಸಾಯನಶಾಸ್ತ್ರದ ಪ್ರೊಫೆಸರುಗಳಾದ ಸಡ್‌ಬರೋ, ವಾಟ್ಸನ್ ಎಂಬಿಬ್ಬರು ಪ್ರಯೋಗಶಾಲೆಯಲ್ಲಿ ಎಣ್ಣೆಯಿಳಿಸುವ ಕ್ರಮವನ್ನು ಕಂಡುಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ನಡೆಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. 1918ರಲ್ಲಿ ಗಂಧದೆಣ್ಣೆಯ ಸಾಬೂನು ಹೊರಬಂತು. ಆ ಸಾಬೂನಿನೊಡನೆ ಹೆಸರು ಸೇರಿಹೋಗಿರುವ ಸೋಸಲೆ ಗರಳಪುರಿ ಶಾಸ್ತ್ರಿಗಳು ಸರ್ಕಾರದ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದವರು. ಜನ ಅವರನ್ನು ಸೋಪು ಶಾಸ್ತ್ರಿಗಳೆಂದೇ ಕರೆದರು. ವೇದಾಧ್ಯಯನದ ಮನೆತನದ ಹೆಸರಿಗೆ ಸಾಬೂನು ಅಂಟಿಕೊಂಡಿತೆಂದು ಅಂದಿನ ಕೆಲವರು ನಕ್ಕಿರಲೂಬಹುದು.

ಈ ಕಥೆಯನ್ನು ಸಭೆಗಳಲ್ಲಿ ಸಾಹಸದ ಕಥೆಯೆಂದು ಹೇಳುತ್ತಾರೆ. ಸಾಹಸವೇನೋ ನಿಜ. ಆದರೆ ಲೆಕ್ಕದ ಪುಸ್ತಕವನ್ನು ಸ್ವಲ್ಪ ತೆರೆದು ನೋಡೋಣ. ಮರ ಯಾರದು? ಸರ್ಕಾರದ್ದು. ಪ್ರಯೋಗಶಾಲೆ? ಜಮಷೇಟ್‌ಜಿ ತಾತಾ ಅವರು ತಮ್ಮ ಆಸ್ತಿಯನ್ನು ಮೀಸಲಿಟ್ಟು, ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟು, 1909ರಲ್ಲಿ ನಿಂತ ಸಂಸ್ಥೆಯದು. ಕಾರ್ಖಾನೆಯ ಬಂಡವಾಳ? ಬೊಕ್ಕಸದ್ದು. ಎಣ್ಣೆ ಕೆಟ್ಟಿದ್ದರೆ, ಸಾಬೂನು ಕರಗಿಹೋಗಿದ್ದರೆ, ಆ ನಷ್ಟ ಸೋಸಲೆಯ ಯಾವ ಮನೆಯ ಹೆಂಚನ್ನೂ ಕೀಳುತ್ತಿರಲಿಲ್ಲ. ಸಾಹಸ ಮಾಡಿದ ವಿದ್ಯಾವಂತನ ಬೆನ್ನಿಗೆ ಒಂದು ರಾಜ್ಯ ನಿಂತಿತ್ತು. ಆತನು ತನ್ನ ಬುದ್ಧಿಯನ್ನು, ಶ್ರಮವನ್ನು, ತಾರುಣ್ಯದ ಕೆಲವು ವರ್ಷಗಳನ್ನು ಪಣವಾಗಿಟ್ಟನು; ತಂದೆಯ ಮನೆಯನ್ನಲ್ಲ. ಇಂದಿನ ತರುಣರಿಗೆ ನಾವು ಆತನ ಧೈರ್ಯವನ್ನು ಆದರ್ಶವಾಗಿ ತೋರಿಸುತ್ತೇವೆ, ಆತನಿಗಿದ್ದ ಆಸರೆಯನ್ನು ಕೊಡುವುದಿಲ್ಲ. ಇದು ದೃಷ್ಟಾಂತವನ್ನು ಅರ್ಧ ಮಾತ್ರ ಓದಿದಂತಾಯಿತು.

ತಾತಾ ಅವರ ಹೆಸರು ಬಂದುದರಿಂದ ಒಂದು ಮಾತು. ಆ ವರ್ತಕರು ವಿದ್ಯಾಲಯದ ಕಡೆಗೆ ತಿರುಗಿದುದು ತಮ್ಮ ಗಿರಣಿಗೆ ಆಳುಗಳು ಬೇಕೆಂದಲ್ಲ. ಸಂಸ್ಥೆ ಕಣ್ಣಿಗೆ ಬೀಳುವ ಮೊದಲೇ, 1904ರಲ್ಲಿ, ತೀರಿಕೊಂಡರು. ಎಲ್ಲರೂ ಹಾಗಿರಬೇಕೆಂದು ಹೇಳುವುದು ಅತಿಯಾದೀತು. ಆದರೂ ವರ್ತಕನು ವಿದ್ಯಾಲಯಕ್ಕೆ ಬರುವಾಗ ಕೈಯಲ್ಲಿ ಏನನ್ನು ಹಿಡಿದು ಬರುತ್ತಾನೆ, ಹೋಗುವಾಗ ಏನನ್ನು ಹಿಡಿದು ಹೋಗುತ್ತಾನೆ ಎಂಬುದನ್ನು ಬಾಗಿಲಲ್ಲಿ ನಿಂತು ನೋಡುವುದು ತಪ್ಪಲ್ಲ.

ವಿದ್ಯೆಯು ಸಂತೆಗೆ ಹೋದರೆ ಮೈಲಿಗೆಯಾಗುತ್ತದೆ ಎಂಬ ಆಕ್ಷೇಪವೊಂದು ನಮ್ಮ ಓದಿದ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಅದಕ್ಕೆ ಬಹಳ ಹೊತ್ತು ಉತ್ತರ ಹೇಳಬೇಕಾಗಿಲ್ಲ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನೋಡಿದವರು ಆ ಆಕ್ಷೇಪವನ್ನು ಮತ್ತೆ ಎತ್ತಲಾರರು. 1920ರಲ್ಲಿ ಆರಂಭವಾಗಿ, 1937ರಿಂದ ಆ ಹೇಮಾವತಿಯ ದಡದ ಊರಿನಲ್ಲಿ ನೆಲೆ ನಿಂತ ಸಂಸ್ಥೆ ಅದು. ಯಲ್ಲಂಬಳಸೆ ಸುಬ್ಬರಾಯಶರ್ಮರು, ಎಂದರೆ 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳಾದವರು, ಶಾಂಕರ ವೇದಾಂತದ ಗ್ರಂಥಗಳನ್ನು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಇಂಗ್ಲಿಷಿನಲ್ಲಿಯೂ ನೂರಾರು ಸಂಖ್ಯೆಯಲ್ಲಿ ಅಲ್ಲಿಂದ ಪ್ರಕಟಪಡಿಸಿದರು, ಮಾಸಪತ್ರಿಕೆಯನ್ನು ನಡೆಸಿದರು. ಜಗತ್ತು ಮಿಥ್ಯೆಯೆಂದು ವಿಚಾರ ಮಾಡುವ ಗ್ರಂಥಕ್ಕೂ ಕಾಗದ ಬೇಕು, ಶಾಯಿ ಬೇಕು, ಕರಡು ತಿದ್ದುವವರು ಬೇಕು, ಅಂಚೆಯ ಖರ್ಚಿನ ಲೆಕ್ಕ ಬೇಕು. ಒಂದು ತಾಲ್ಲೂಕಿನ ಊರಿನಲ್ಲಿ ಅದನ್ನೆಲ್ಲ ದಶಕಗಳ ಕಾಲ ತೂಗಿಸಿಕೊಂಡು ಹೋಗುವುದು ಉದ್ಯಮವಲ್ಲದೆ ಮತ್ತೇನು? ಲಾಭವನ್ನು ಬಯಸದಿರುವುದರಿಂದ ಅದು ಉದ್ಯಮವಲ್ಲವೆಂದಾಗುವುದಿಲ್ಲ. ಉದ್ಯಮವಾಗಿರುವುದರಿಂದ ಅದು ಪಾವಿತ್ರ್ಯವನ್ನೂ ಕಳೆದುಕೊಳ್ಳಲಿಲ್ಲ.

ಆದ್ದರಿಂದ ನಮ್ಮ ಪ್ರಶ್ನೆ ಮೈಲಿಗೆಯದಲ್ಲ, ನ್ಯಾಯದ್ದು. ಅದನ್ನು ಮಣ್ಣಿನಲ್ಲಿಟ್ಟು ನೋಡಬೇಕಾದರೆ ಹಾಸನದ ಆಲೂಗೆಡ್ಡೆಗಿಂತ ಒಳ್ಳೆಯ ಪ್ರಸಂಗ ಸಿಕ್ಕಲಾರದು.

ಮುಂಗಾರಿನ ಮುಂಚೆ, ಮೇ ತಿಂಗಳಿನಲ್ಲಿ, ಹಾಸನದ ಮಾರುಕಟ್ಟೆಯ ಅಂಗಳದಲ್ಲಿ ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆಯ ಗೆಡ್ಡೆಯ ಮೂಟೆಗಳು ಇಳಿಯುವುದನ್ನು ಈ ಕಡೆಯವರೆಲ್ಲ ಕಂಡಿದ್ದೀರಿ. ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರದಿಂದ ಬಂದ ಮೂಟೆಯೊಳಗೆ ಏನಿದೆಯೆಂಬುದನ್ನು ನೆಲವೇ ಹೇಳಬೇಕು. ಹೇಳುವ ಹೊತ್ತಿಗೆ ರೈತನು ಹಣ ಕೊಟ್ಟಾಗಿರುತ್ತದೆ. ಮಳೆ ಹಿಡಿದು ಮೋಡ ಕವಿದರೆ ಅಂಗಮಾರಿ ರೋಗ. 1845ರಲ್ಲಿ ಐರ್ಲೆಂಡ್ ದೇಶವನ್ನು ಹಸಿವಿಗೆ ದೂಡಿದ ರೋಗವೂ ಇದೇ. ಸಂಜೆ ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟಂತೆ ಕಪ್ಪಾಗುತ್ತದೆ. ಔಷಧವನ್ನು ಸಿಂಪಡಿಸಿ ಸಿಂಪಡಿಸಿ ಸೋತ ಎಷ್ಟೋ ಮಂದಿ ಆಲೂಗೆಡ್ಡೆಯನ್ನು ಬಿಟ್ಟು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದರು. ಒಂದು ಕಾಲದಲ್ಲಿ ಹಾಸನದ ಹೆಸರಿನೊಡನೆಯೇ ಹೇಳುತ್ತಿದ್ದ ಆ ಬೆಳೆಯ ವಿಸ್ತಾರ ಬಹಳ ಕುಗ್ಗಿಹೋಯಿತು.

ಇದಕ್ಕೆ ಪ್ರತಿಯಾಗಿ ಈಚೆಗೆ ಬಂದ ಉಪಾಯವೊಂದುಂಟು. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವಿದೆ. ಆ ವಿಶ್ವವಿದ್ಯಾಲಯವೂ, ಪೆರು ದೇಶದಲ್ಲಿ ಮುಖ್ಯ ಕಚೇರಿಯುಳ್ಳ ಅಂತಾರಾಷ್ಟ್ರೀಯ ಆಲೂಗೆಡ್ಡೆ ಸಂಸ್ಥೆಯೂ, ರಾಜ್ಯದ ತೋಟಗಾರಿಕೆ ಇಲಾಖೆಯೂ ಸೇರಿ, ಗೆಡ್ಡೆಯ ಬದಲು ಬೇರು ಬಿಟ್ಟ ಕುಡಿಯನ್ನು ನೆಡುವ ಪದ್ಧತಿಯನ್ನು ಇಲ್ಲಿ ಬಳಕೆಗೆ ತಂದುವು. ಅಂಗಾಂಶ ಕೃಷಿಯ ಪ್ರಯೋಗಶಾಲೆಯಲ್ಲಿ ರೋಗವಿಲ್ಲದ ತಾಯಿಗಿಡವನ್ನು ಬೆಳೆಸುತ್ತಾರೆ. ಅದರ ತುದಿಯ ಕುಡಿಗಳನ್ನು ಚಿವುಟಿ, ನೆರಳಿನ ಮನೆಯಲ್ಲಿ, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಊರುತ್ತಾರೆ. ಕೆಲವು ವಾರಗಳಲ್ಲಿ ಕುಡಿ ಬೇರು ಬಿಡುತ್ತದೆ. ಅದನ್ನು ಕೊಂಡು ಹೊಲದಲ್ಲಿ ನೆಟ್ಟರೆ ಒಂದೊಂದು ಗಿಡದ ಬುಡದಲ್ಲಿಯೂ ಹಲವು ಗೆಡ್ಡೆ ಸಿಕ್ಕುತ್ತವೆ. ಅವನ್ನು ಒಂದೆರಡು ಬೆಳೆ ಹೆಚ್ಚಿಸಿಕೊಂಡರೆ ಊರಿನಲ್ಲಿಯೇ ಬಿತ್ತನೆಯ ಗೆಡ್ಡೆ ಸಿದ್ಧ. ಅಂಗಮಾರಿ ಗಾಳಿಯಲ್ಲಿ ಬರುವ ರೋಗವಾದುದರಿಂದ ಇದರಿಂದ ಅದು ತೊಲಗಿತೆಂದೇನೂ ಹೇಳುವಂತಿಲ್ಲ. ಆದರೆ ಬೀಜದೊಳಗೇ ಅಡಗಿ ಬರುವ ರೋಗಗಳಿಂದ ಹೊಲ ಉಳಿಯುತ್ತದೆ. ಜಲಂಧರದ ಮೂಟೆಗೆ ಬಾಯಿಬಿಡುವುದೂ ತಪ್ಪುತ್ತದೆ.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಸರಪಣಿಯ ನಡುವೆ ಸಸ್ಯಾಗಾರವನ್ನಿಟ್ಟುಕೊಂಡು ಕುಡಿಯನ್ನು ಬೆಳೆಸಿ ಮಾರುವವನೊಬ್ಬನು ಬೇಕು. ಅದು ಆಳಿನ ಕೆಲಸವಲ್ಲ. ಗುಮಾಸ್ತೆಯ ಕೆಲಸವೂ ಅಲ್ಲ. ತಾಯಿಗಿಡಕ್ಕೆ ವಯಸ್ಸಾಯಿತೆಂಬುದನ್ನು ಎಲೆಯ ಆಕಾರದಿಂದ ತಿಳಿಯಬೇಕು, ನೀರಿನ ಪ್ರಮಾಣ ತಿಳಿಯಬೇಕು, ಮುಂಗಾರಿನ ದಿನಕ್ಕೆ ಹೊಂದಿಸಿ ಕುಡಿಯನ್ನು ಸಿದ್ಧಮಾಡಬೇಕು, ರೈತನ ನಂಬಿಕೆಯನ್ನು ಸಂಪಾದಿಸಬೇಕು. ಕೃಷಿ ತೋಟಗಾರಿಕೆಗಳಲ್ಲಿ ಪದವಿ ಪಡೆದ ಹುಡುಗ ಹುಡುಗಿಯರಿಗೆ ಹೇಳಿಮಾಡಿಸಿದ ಉದ್ಯಮ ಇದು. ವಿದ್ಯಾಲಯವು ವಿದ್ಯೆಯನ್ನು ಕೊಟ್ಟಿತು, ತಾಯಿಗಿಡವನ್ನು ಕೊಟ್ಟಿತು. ಪದವೀಧರನು ನೆರಳುಮನೆಯನ್ನು ಕಟ್ಟಬೇಕು. ಈವರೆಗೆ ಎಲ್ಲವೂ ಸರಿ.

ಒಂದು ವರ್ಷ ಮಳೆ ಮೂರು ವಾರ ತಡವಾಯಿತೆನ್ನಿ. ಕುಡಿ ತಟ್ಟೆಯಲ್ಲಿ ಕಾಯುವುದಿಲ್ಲ. ಕೊಳ್ಳುತ್ತೇನೆಂದು ಹೇಳಿದ್ದ ರೈತನು ಹೊಲ ಒಣಗಿರುವಾಗ ಕೊಳ್ಳುವಂತಿಲ್ಲ. ಅವನನ್ನು ದೂರುವಂತೆಯೂ ಇಲ್ಲ. ಸಾವಿರಾರು ಕುಡಿಗಳು ಬಲಿತು ನಿರುಪಯೋಗವಾಗುತ್ತವೆ. ಆ ಸಂಜೆ ಈ ಸರಪಣಿಯಲ್ಲಿ ಯಾರು ಯಾರು ಏನೇನನ್ನು ಕಳೆದುಕೊಳ್ಳುತ್ತಾರೆ? ಪ್ರೊಫೆಸರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಅಧಿಕಾರಿಗೂ ಬರುತ್ತದೆ. ದೂರದ ಸಂಸ್ಥೆಗೆ ವರದಿಯಲ್ಲಿ ಒಂದು ಸಾಲು ಹೆಚ್ಚುತ್ತದೆ. ಪದವೀಧರನಿಗೆ ಮಾತ್ರ ಬ್ಯಾಂಕಿನ ಕಾಗದ ಬರುತ್ತದೆ. ಹಾಸನದ ಯಾರಿಗೂ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ಆಗಬಹುದಾದುದು ಹೀಗೆ ಎಂದು ಹೇಳುತ್ತಿದ್ದೇನೆ. ಒಂದು ಏರ್ಪಾಡಿನ ನ್ಯಾಯಾನ್ಯಾಯಗಳನ್ನು ತೂಗಬೇಕಾದದ್ದು ಅದು ಗೆದ್ದ ದಿನದಲ್ಲಲ್ಲ, ಸೋತ ದಿನದಲ್ಲಿ.

ನಮ್ಮ ಹಿರಿಯರು ಇದಕ್ಕೆ ಎರಡು ಮಾತುಗಳನ್ನು ಇಟ್ಟಿದ್ದರು: ವಾರ, ಗುತ್ತಿಗೆ. ಹೊಲವನ್ನು ವಾರಕ್ಕೆ ಕೊಟ್ಟ ಒಡೆಯನು ಬೆಳೆದುದರಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದನು. ಹತ್ತು ಪಲ್ಲ ಬೆಳೆದರೆ ಐದು ಅವನದು. ಏನೂ ಬೆಳೆಯದಿದ್ದರೆ ಏನೂ ಅವನದಲ್ಲ. ಗುತ್ತಿಗೆಗೆ ಕೊಟ್ಟವನ ಮಾತೇ ಬೇರೆ. ಮಳೆ ಬರಲಿ ಬಿಡಲಿ, ಗೊತ್ತಾದಷ್ಟು ಕಣಜಕ್ಕೆ ಬರಲೇಬೇಕು. ವಾರದ ಒಡೆಯನು ಆಕಾಶವನ್ನು ನೋಡುತ್ತಿದ್ದನು. ಗುತ್ತಿಗೆಯ ಒಡೆಯನು ಪಂಚಾಂಗವನ್ನು ನೋಡುತ್ತಿದ್ದನು. ವಾರದವನೇನು ಧರ್ಮರಾಯನೆಂದು ಹೇಳುತ್ತಿಲ್ಲ. ಅವನ ಕಣದಲ್ಲಿ ನಡೆದ ಅನ್ಯಾಯಗಳನ್ನು ಅಜ್ಜಂದಿರಿಂದ ಕೇಳಿದವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ; 1974ರ ಭೂಸುಧಾರಣೆಯು ಆ ಗೇಣಿಯ ವ್ಯವಸ್ಥೆಯನ್ನೇ ಅಳಿಸಿತು, ಅಳಿಸಿದುದು ಒಳ್ಳೆಯದೇ ಆಯಿತು. ಆದರೆ ಆ ಎರಡು ಮಾತುಗಳ ನಡುವಣ ಭೇದವನ್ನು ಮರೆಯಬಾರದು. "ಪಾಲುದಾರಿಕೆ" ಎಂದು ಇಂದು ಒಪ್ಪಂದದ ಕಾಗದಗಳಲ್ಲಿ ಬರೆಯುತ್ತಾರೆ. ಪಾಲು ಎಂಬುದು ಬೆಳೆಗೆ ಮಾತ್ರವೇ, ಬರಕ್ಕೂ ಉಂಟೇ?

ನಮ್ಮ ವಿದ್ಯಾಲಯಗಳು ತರುಣರೊಡನೆ ಮಾಡಿಕೊಳ್ಳುತ್ತಿರುವುದು ಹೆಚ್ಚುಕಡಮೆ ಗುತ್ತಿಗೆಯ ಏರ್ಪಾಡೆಂದು ನನಗೆ ತೋರುತ್ತದೆ. ಗೆದ್ದವನ ಭಾವಚಿತ್ರ ಕಾಲೇಜಿನ ಪರಿಚಯಪುಸ್ತಕದಲ್ಲಿ ಬರುತ್ತದೆ. ಆತನ ಹೆಸರಿನಿಂದ ಕಾಲೇಜಿನ ದರ್ಜೆ ಏರುತ್ತದೆ. ಮುಂದಿನ ವರ್ಷ ಸೇರುವವರು ಹೆಚ್ಚುತ್ತಾರೆ. ಸೋತವನ ಹೆಸರು ಎಲ್ಲಿಯೂ ಬರುವುದಿಲ್ಲ. ಎಂದರೆ ಕೀರ್ತಿಯ ಗುತ್ತಿಗೆ ತಪ್ಪದೆ ಕಣಜಕ್ಕೆ ಬರುತ್ತದೆ. ಕೆಲವು ಪೋಷಣ ಕೇಂದ್ರಗಳು ಹೊಸ ಉದ್ಯಮಕ್ಕೆ ಕೋಣೆ, ವಿದ್ಯುತ್ತು, ಸಲಹೆಗಳನ್ನು ಕೊಟ್ಟು ಅದರ ಬಂಡವಾಳದಲ್ಲಿ ಅಲ್ಪ ಪಾಲನ್ನು ಪಡೆಯುವುದುಂಟು. ಇದು ವಾರವಲ್ಲವೆ ಎಂದು ಕೇಳಬಹುದು. ತಕ್ಕಮಟ್ಟಿಗೆ ಹೌದು, ಅಷ್ಟರಮಟ್ಟಿಗೆ ಮೆಚ್ಚತಕ್ಕದ್ದೇ. ಆದರೆ ಒಂದು ಕೋಣೆಯ ಬಾಡಿಗೆಯನ್ನು ಕಳೆದುಕೊಳ್ಳುವುದೂ ಒಂದು ತೆಂಗಿನ ತೋಟವನ್ನು ಕಳೆದುಕೊಳ್ಳುವುದೂ ತಕ್ಕಡಿಯಲ್ಲಿ ಸಮನಾಗಿ ನಿಲ್ಲುವುದಿಲ್ಲ.

ತೆಂಗಿನ ತೋಟವೆಂದು ಸುಮ್ಮನೆ ಹೇಳಲಿಲ್ಲ. ಚನ್ನರಾಯಪಟ್ಟಣದ ಕಡೆಯ ಒಬ್ಬ ತರುಣನನ್ನು ನಾನು ಬಲ್ಲೆ. ಓದಿದುದು ಇಂಜಿನಿಯರಿಂಗು, ಯಾವ ಊರಿನ ಕಾಲೇಜೆಂಬುದು ಇಲ್ಲಿ ಅಪ್ರಕೃತ. ಕೊನೆಯ ವರ್ಷದಲ್ಲಿ ಅಲ್ಲಿ ಉದ್ಯಮಶೀಲತೆಯ ಶಿಬಿರ ನಡೆಯಿತು. ಹೊರಗಿನಿಂದ ಒಂದು ಕಂಪೆನಿಯವರು ಬಂದು, ಹಳ್ಳಿಯಲ್ಲಿ ಕಸವೆಂದು ಬಿಸುಡುವುದರಲ್ಲಿ ಹೊನ್ನಿದೆಯೆಂದು ಹೇಳಿದರು. ಈ ಹುಡುಗನಿಗೆ ತನ್ನ ಊರಿನ ತೆಂಗಿನ ಸಿಪ್ಪೆಯ ರಾಶಿ ನೆನಪಾಯಿತು. ನಾರು ತೆಗೆಯುವ ಯಂತ್ರ, ಉಳಿದ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡುವ ಯಂತ್ರ, ಇವೆರಡರ ನಕ್ಷೆಯನ್ನು ಬರೆದು ಬಹುಮಾನ ಪಡೆದನು. ಅವನ ಚಿತ್ರವನ್ನು ಕಾಲೇಜಿನ ಪಡಸಾಲೆಯಲ್ಲಿ ತೂಗುಹಾಕಿದರು. ಊರಿಗೆ ಬಂದು ಸಾಲ ಮಾಡಿ ಕೆಲಸ ಹೂಡಿದನು. ಸಾಲದ ಕಾಗದಕ್ಕೆ ಸಹಿ ಹಾಕಿದವರು ತಂದೆ. ಆಧಾರವಾದುದು ಎರಡು ಎಕರೆ ತೋಟ.

ಯಂತ್ರ ಚೆನ್ನಾಗಿಯೇ ನಡೆಯಿತು. ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಮೊದಲ ಮಳೆಗಾಲದಲ್ಲಿ ಪುಡಿ ಒಣಗಲಿಲ್ಲ. ಕೊಳ್ಳುವ ದಲ್ಲಾಳಿಯು ತೇವ ಹೆಚ್ಚೆಂದು ಲಾರಿಯನ್ನು ಹಿಂದಕ್ಕೆ ಕಳುಹಿಸಿದನು. ಹೋಗಿ ಬರುವ ಬಾಡಿಗೆ ಹುಡುಗನ ತಲೆಗೆ ಬಿತ್ತು. ಒಣಗಿಸಲು ಕಣ ಕಟ್ಟಿಸುವ ಹೊತ್ತಿಗೆ ಕೈಯಲ್ಲಿ ಹಣವಿರಲಿಲ್ಲ. ಶಿಬಿರಕ್ಕೆ ಬಂದಿದ್ದ ಕಂಪೆನಿಗೆ ಕಾಗದ ಬರೆದನು. ತಾವು ಪ್ರೇರಣೆ ಕೊಡುವವರೇ ಹೊರತು ಸರಕು ಕೊಳ್ಳುವವರಲ್ಲವೆಂದು ಉತ್ತರ ಬಂತು. ಕಾಲೇಜಿಗೆ ಹೋದನು. ಅಧ್ಯಾಪಕರು ಕಾಫಿ ಕುಡಿಸಿ, "ಸೋಲೇ ಗೆಲುವಿನ ಮೆಟ್ಟಿಲು" ಎಂದು ಧೈರ್ಯ ಹೇಳಿದರು. ಹಿಂದಿರುಗುವಾಗ ಪಡಸಾಲೆಯಲ್ಲಿ ನೋಡಿದನಂತೆ: ತನ್ನ ಚಿತ್ರವಿದ್ದ ಜಾಗದಲ್ಲಿ ಬೇರೊಬ್ಬನ ಚಿತ್ರವಿತ್ತು. ಇದನ್ನು ಹೇಳುವಾಗ ಅವನು ನಕ್ಕನು. ನನಗೆ ನಗಲಾಗಲಿಲ್ಲ. ಮೂರನೆಯ ವರ್ಷ ತೋಟದಲ್ಲಿ ಒಂದು ಎಕರೆ ಹೋಯಿತು.

ಇದರಲ್ಲಿ ನನ್ನನ್ನು ಹೆಚ್ಚು ಕೊರೆಯುವುದು ಇನ್ನೊಂದು ಸಂಗತಿ. ಆಲೂಗೆಡ್ಡೆಯ ಕುಡಿಯನ್ನು ಊರುವುದು ತೆಂಗಿನ ನಾರಿನ ಪುಡಿಯಲ್ಲಿ ಎಂದು ಮೇಲೆ ಹೇಳಿದೆನಷ್ಟೆ. ಚನ್ನರಾಯಪಟ್ಟಣಕ್ಕೂ ಹಾಸನಕ್ಕೂ ನಲವತ್ತು ಕಿಲೋಮೀಟರಿಗೆ ಕಡಮೆ ದೂರ. ಅಲ್ಲಿ ಅದೇ ಪುಡಿಯನ್ನು ತಟ್ಟೆ ತಟ್ಟೆಗೆ ತುಂಬುವ ಸಸ್ಯಾಗಾರಗಳಿವೆಯೆಂಬುದು ಈ ಹುಡುಗನಿಗೆ ಗೊತ್ತಿರಲಿಲ್ಲ. ಯಂತ್ರ ನಿಂತು ವರ್ಷವಾದ ಮೇಲೆ ನನ್ನಿಂದಲೇ ಕೇಳಿದನು. ಅವನ ಸರಕನ್ನೆಲ್ಲ ಅವರು ಕೊಳ್ಳುತ್ತಿದ್ದರೆಂದು ನಾನು ಹೇಳಲಾರೆ. ಇಂಜಿನಿಯರನನ್ನೂ ತೋಟಗಾರನನ್ನೂ ಒಬ್ಬರಿಗೊಬ್ಬರು ಪರಿಚಯ ಮಾಡಿಸುವುದಲ್ಲದೆ ವಿದ್ಯಾಲಯಗಳ ಸಹಯೋಗವೆಂದರೆ ಬೇರೆ ಯಾವುದು? ಪ್ರೇರಣೆಯ ಭಾಷಣಕ್ಕೆ ಬೆಂಗಳೂರಿನಿಂದ ಕಾರು ಬರುತ್ತದೆ. ಪಕ್ಕದ ತಾಲ್ಲೂಕಿನ ವಿಳಾಸವನ್ನು ಹೇಳುವವರಿಲ್ಲ.

ಹಾಗಾದರೆ ವಿದ್ಯಾಲಯವು ಸುಮ್ಮನಿರಬೇಕೆ? ಹುಡುಗರೆಲ್ಲ ಬೆಂಗಳೂರಿನ ಬಸ್ಸು ಹತ್ತಿ, ಮೂರು ಮಂದಿ ಒಂದು ಕೋಣೆಯಲ್ಲಿದ್ದು, ಯಾರದೋ ಲೆಕ್ಕವನ್ನು ಯಾರದೋ ಗಣಕಯಂತ್ರದಲ್ಲಿ ಬರೆದುಕೊಂಡಿರಬೇಕೆ? ನನ್ನ ಅಭಿಪ್ರಾಯ ಅದಲ್ಲ. ಪ್ರೇರೇಪಿಸದಿರುವುದೂ ಒಂದು ಬಗೆಯ ಅನ್ಯಾಯವೇ. ಓದಿದವರೆಲ್ಲ ಊರನ್ನು ಬಿಟ್ಟರೆ ಉಳಿದವರ ದುಡಿಮೆಗೆ ಬುದ್ಧಿಯ ನೆರವು ಎಲ್ಲಿಂದ ಬಂದೀತು? ಆದರೆ ಪ್ರೇರೇಪಿಸುವವನು ನಷ್ಟದಲ್ಲಿ ಕೈಹಾಕಬೇಕು. ಶಿಬಿರ ನಡೆಸುವ ಕಂಪೆನಿಯು ಮೊದಲ ವರ್ಷದ ಸರಕಿನಲ್ಲಿ ಇಷ್ಟನ್ನು ಕೊಳ್ಳುತ್ತೇನೆಂದು ಬರೆದುಕೊಡಲಿ. ಬರೆದುಕೊಡಲಾರದ ಕಂಪೆನಿಗೆ ವೇದಿಕೆಯ ಮೇಲೆ ಕುರ್ಚಿ ಬೇಡ. ಕಾಲೇಜು ತಾನು ಪಡೆಯುವ ದೇಣಿಗೆಯಲ್ಲಿ ಒಂದು ಭಾಗವನ್ನು ಸೋತವರ ಸಾಲದ ಬಡ್ಡಿಗೆಂದು ತೆಗೆದಿಡಲಿ. ತಂದೆತಾಯಿಗಳ ಮನೆಯನ್ನೂ ನೆಲವನ್ನೂ ಆಧಾರವಿಡುವ ಉದ್ಯಮವನ್ನು, ಎಷ್ಟೇ ಚೆನ್ನಾಗಿರಲಿ, ವಿದ್ಯಾರ್ಥಿಯ ಮುಂದೆ ಹೊಗಳದಿರಲಿ. ಹೀಗಾದರೆ ಶಿಬಿರಗಳು ಕಡಮೆಯಾಗುತ್ತವೆ ಎಂದು ಯಾರಾದರೂ ಹೇಳಿಯಾರು. ಆಗಲಿ.

ಇನ್ನೊಂದು ಕಷ್ಟವಾದ ಮಾತೂ ಉಂಟು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ಮಗ್ಗುಲಲ್ಲಿ, ತಂಬಾಕಿನ ಹರಾಜು ಮಾರುಕಟ್ಟೆಯಿದೆ. ಆ ಸೀಮೆಯಲ್ಲಿ ಎಷ್ಟೋ ಮಕ್ಕಳ ಕಾಲೇಜಿನ ಶುಲ್ಕ ತಂಬಾಕಿನ ಬ್ಯಾರನ್ನಿನ ಹೊಗೆಯಿಂದಲೇ ಬಂದುದು. ಆ ರೈತರನ್ನು ಹಳಿಯುವ ಅರ್ಹತೆ ನಮಗಿಲ್ಲ. ಆದರೆ ನಾಳೆ ತಂಬಾಕಿನ ವ್ಯಾಪಾರಿಯೊಬ್ಬನು ವಿದ್ಯಾಲಯದ ಬಾಗಿಲಿಗೆ ಬಂದು, ನಷ್ಟದಲ್ಲಿಯೂ ಪೂರ್ತಿ ಪಾಲು ಕೊಡುತ್ತೇನೆ, ನಿಮ್ಮ ಪದವೀಧರರನ್ನು ಈ ದಾರಿಗೆ ಹಚ್ಚಿರಿ ಎಂದರೆ ಏನು ಹೇಳಬೇಕು? ನಾನು ಹೇಳಿದ ವಾರದ ನ್ಯಾಯಕ್ಕೆ ಅವನು ಸರಿಯಾಗಿ ಒಪ್ಪುತ್ತಾನೆ. ಆದರೂ ಅವನನ್ನು ಹಿಂದಕ್ಕೆ ಕಳುಹಿಸಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಎಂದಮೇಲೆ ನಷ್ಟದಲ್ಲಿ ಪಾಲು ಎಂಬುದು ನ್ಯಾ್ಯದ ಪೂರ್ತಿಯಲ್ಲ, ಹೊಸಿಲು ಮಾತ್ರ. ಆ ಹೊಸಿಲನ್ನು ದಾಟಿದ ಮೇಲೆ, ಮಾಡುವ ಪದಾರ್ಥವು ಲೋಕಕ್ಕೆ ಹಿತವೋ ಅಹಿತವೋ ಎಂದು ಕೇಳುವ, ಬೇಡವೆಂದು ಹೇಳುವ ಸ್ವಾತಂತ್ರ್ಯ ವಿದ್ಯಾಲಯಕ್ಕಿರಬೇಕು. ಕಟ್ಟಡಕ್ಕೆ ವರ್ತಕನ ಹಣವನ್ನು ತೆಗೆದುಕೊಂಡಾದ ಮೇಲೆ ಆ ಮಾತು ಗಂಟಲಿನಿಂದ ಹೊರಡುವುದು ಕಷ್ಟ. ಇದಕ್ಕೆ ಪರಿಹಾರವೇನೆಂಬುದು ನನಗೆ ಇನ್ನೂ ತಿಳಿದಿಲ್ಲ.

ಆ ತರುಣನು ಈಗ ಕೊಬ್ಬರಿಯ ವರ್ತಕರೊಬ್ಬರ ಮಂಡಿಯಲ್ಲಿ ದಿನಗೂಲಿಯ ಮೇಲೆ ತೂಕ ಬರೆಯುತ್ತಾನೆ. ಸಾಲ ಮುಕ್ಕಾಲು ತೀರಿದೆ. ಮೊನ್ನೆ ಸಿಕ್ಕಿದಾಗ ಅವನನ್ನು ಕೇಳಿದೆನು: "ನಿನ್ನ ಕಾಲೇಜಿನವರು ಮತ್ತೊಮ್ಮೆ ಶಿಬಿರ ನಡೆಸಿ, ಸೋತ ಬಗೆಯನ್ನು ಹುಡುಗರಿಗೆ ಹೇಳು ಎಂದು ನಿನ್ನನ್ನು ಕರೆದರೆ ಹೋಗುತ್ತೀಯಾ?" ಅವನು ಸ್ವಲ್ಪ ಹೊತ್ತು ಯೋಚಿಸಿದನು. ತೇವವನ್ನು ಅಳೆಯುವ ಬಗೆ, ಕಣಕ್ಕೆ ಮೊದಲು ಹಣವಿಟ್ಟುಕೊಳ್ಳಬೇಕಾದುದು, ದಲ್ಲಾಳಿಯಿಂದ ಮೊದಲೇ ಬರೆಸಿಕೊಳ್ಳಬೇಕಾದ ಮಾತುಗಳು, ಇವನ್ನೆಲ್ಲ ಹೇಳಲು ಒಂದು ಗಂಟೆ ಸಾಲದು, ಎರಡು ಗಂಟೆಯಾದರೂ ಬೇಕು ಎಂದನು. ಆಮೇಲೆ, ಹರಾಜಿನ ದಿನಗಳನ್ನು ಬಿಟ್ಟು ಬೇರೆ ಯಾವ ದಿನವಾದರೂ ಆಗಬಹುದು, ಆದರೆ ಅಂದಿನ ಕೂಲಿಯನ್ನು ಅವರು ಕೊಡಬೇಕಾಗುತ್ತದೆ ಎಂದನು.